ವಿಯೆನ್ನಾ ದೂರ ಎಂದು ನಾನು ಹೇಳಿದ್ದು

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡ ನಮ್ಮದು, ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಹತ್ತುವವರು ಇಳಿಯುವವರು ಎಲ್ಲರೂ ಅವರ ಬಾಗಿಲ ಮುಂದೆಯೇ ಹಾಯಬೇಕು. ಮರಾಠಿಯವರು, ಗುಜರಾತಿಯವರು, ಕನ್ನಡದ ನಾವು ಎಲ್ಲರೂ ಅವರನ್ನು ಕರೆಯುವುದು ಸಿಸ್ಟರ್ ಆಂಟಿ ಎಂದೇ. ಕುಂದಾಪುರದ ಕಡೆಯವರು. ಮದುವೆಯಾಗಲಿಲ್ಲ. ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದುಡಿದರು. ನನ್ನ ಮಗಳಿಗೆ ಮೊದಲ ಸ್ನಾನ ಮಾಡಿಸಿದವರು ಅವರು. ನನ್ನ ಅವ್ವ ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಿದ್ದಾಗ ದಿನಾ ಮೂರು ಮಹಡಿ ಹತ್ತಿ ಬಂದು ಬೆನ್ನು ಒರೆಸಿ ಪುಡಿ ಹಾಕಿ ಹೋಗುತ್ತಿದ್ದವರೂ ಅವರೇ.

ಅಂಥವರಿಗೆ ನಾನು ಸುಳ್ಳು ಹೇಳಿದೆ. ಒಂದು ಸಲ ಅಲ್ಲ, ಎರಡು ಸಲ.

ಠಾಣೆಯ ನೌಪಾಡಾದಲ್ಲಿರುವ ಒಂದು ಪ್ರವಾಸ ಕಛೇರಿಯಲ್ಲಿ ನನ್ನ ಕೆಲಸ. ಟಿಕೆಟ್ ಮೇಜಿನ ಮುಂದೆ ಹದಿನಾರು ವರ್ಷ ಕುಳಿತಿದ್ದೆ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಎಷ್ಟು ಹೊತ್ತು, ರೋಮಿನಿಂದ ಅಥೆನ್ಸಿಗೆ ಎಷ್ಟು ದೂರ, ಮ್ಯೂನಿಕ್ಕಿನಲ್ಲಿ ವಿಮಾನ ಬದಲಿಸಲು ಎಷ್ಟು ಸಮಯ ಬೇಕು, ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಾನು ಮಾತ್ರ ಯಾವ ಊರನ್ನೂ ನೋಡಿರಲಿಲ್ಲ. ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ಮುಂಬ್ರಾದ ಗುಡ್ಡದ ಸುರಂಗ ದಾಟಿದರೆ ಠಾಣೆ, ಸಂಜೆ ಅದೇ ದಾರಿಯಲ್ಲಿ ವಾಪಸು. ನನ್ನ ಪ್ರಯಾಣ ಇಷ್ಟೇ.

ಕರೋನಾ ಕಳೆದು ಜನ ಮತ್ತೆ ತಿರುಗಾಡಲು ಹೊರಟ ಮೇಲೆ ನಮ್ಮಲ್ಲಿ ಟೂರ್ ಮ್ಯಾನೇಜರುಗಳಿಗೆ ಬರ ಬಂತು. ಹಳಬರಲ್ಲಿ ಕೆಲವರು ಕೆಲಸ ಬಿಟ್ಟಿದ್ದರು. ಮಾಲೀಕರು ಒಂದು ದಿನ ನನ್ನನ್ನು ಒಳಗೆ ಕರೆದು, ಮೇ ತಿಂಗಳ ಯುರೋಪ್ ಗುಂಪನ್ನು ನೀವೇ ಕರೆದುಕೊಂಡು ಹೋಗಿ ಎಂದರು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ, ಹತ್ತು ದಿನ. ಒಟ್ಟು ಮೂವತ್ತೆಂಟು ಸೀಟು, ಆಗಲೇ ಹೆಸರು ಬರೆಸಿದವರಲ್ಲಿ ಹೆಚ್ಚಿನವರು ಘೋಡಬಂದರ್ ರಸ್ತೆಯ ಹೊಸ ಅಪಾರ್ಟ್‌ಮೆಂಟುಗಳವರು.

"ಅಡ್ತೀಸ್ ಜಾಣಾರ್, ಅಡ್ತೀಸ್ ಪರತ್ ಯೇಣಾರ್. ಏವಢಂಚ್," ಎಂದರು ಮಾಲೀಕರು. ಮೂವತ್ತೆಂಟು ಜನ ಹೋಗುತ್ತಾರೆ, ಮೂವತ್ತೆಂಟು ಜನ ವಾಪಸು ಬರುತ್ತಾರೆ, ಅಷ್ಟೇ ನಿಮ್ಮ ಕೆಲಸ. ಹಿಂದಿನ ಯಾವುದೋ ಗುಂಪಿನಲ್ಲಿ ಒಬ್ಬರು ಪ್ಯಾರಿಸ್ಸಿನ ಮೆಟ್ರೋದಲ್ಲಿ ತಪ್ಪಿಸಿಕೊಂಡು ಅರ್ಧ ದಿನ ಎಲ್ಲರನ್ನೂ ಅಳಿಸಿದ ಕತೆ ಕಛೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಹೋಗುವ ಸುದ್ದಿ ಕಟ್ಟಡದಲ್ಲಿ ಹಬ್ಬಿದ ಮರುದಿನವೇ ಸಿಸ್ಟರ್ ಆಂಟಿ ಬಾಗಿಲಲ್ಲಿ ನನ್ನನ್ನು ತಡೆದರು.

"ಹೆಣ್ಣೇ, ನಾನೂ ಬತ್ತೆ. ನನ್ನ ಹೆಸ್ರ್ ಬರ್ಕೋ."

"ಆಂಟಿ, ನಿಮಗ ನಡಿಯೂದು ಭಾಳ ಆಗ್ತದ್ರಿ."

"ವಾರ್ಡಂಗೆ ನಡ್ದಷ್ಟ್ ಆತ್ತಾ? ನೀನ್ ಇರ್ತಿ ಅಲ್ದಾ, ಮತ್ತೆಂತ ಹೆದ್ರಿಕಿ?"

ಅವರಿಗೆ ಐಫೆಲ್ ಗೋಪುರ ಬೇಕಾಗಿರಲಿಲ್ಲ. ಬೇಕಾಗಿದ್ದವರು ಅವರ ಗೆಳತಿ. ಇಬ್ಬರೂ ಒಂದೇ ಸೀಮೆಯವರು, ಮುಂಬೈಯ ನರ್ಸ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಐದು ವರ್ಷ ಇದ್ದವರು. ಒಂದು ಟ್ರಂಕು, ಒಂದು ಕನ್ನಡಿ, ಇಬ್ಬರಿಗೂ ಸೇರಿ ಒಂದು ಒಳ್ಳೆಯ ಸೀರೆ. ಆಮೇಲೆ ವಿಯೆನ್ನಾದ ಆಸ್ಪತ್ರೆಯೊಂದಕ್ಕೆ ನರ್ಸ್‌ಗಳು ಬೇಕೆಂದು ಕರೆ ಬಂದಾಗ ಇಬ್ಬರೂ ಅರ್ಜಿ ಹಾಕಿದರು. ಗೆಳತಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಗೆಳತಿ ಅಲ್ಲಿಯೇ ಮದುವೆಯಾದರು, ಮಗ ಹುಟ್ಟಿದ. ಊರಿಗೆ ಬಂದದ್ದು ನಾಲ್ಕೈದು ಸಲ, ಇವರನ್ನು ಕಂಡದ್ದು ಎರಡೇ ಸಲ. ಕೊನೆಯ ಭೇಟಿಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಈಗ ಅವರ ಸೊಂಟದ ಮೂಳೆ ಮುರಿದು, ಜೊತೆಗೆ ಡಯಾಲಿಸಿಸ್ ಬೇರೆ ಶುರುವಾಗಿ, ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಫೋನಿನಲ್ಲಿ ತಿಂಗಳಿಗೊಮ್ಮೆ ಮಾತು. ಆ ಊರಿನಲ್ಲಿ ಅವರಿಗೆ ಕುಂದಾಪುರದ ಕನ್ನಡ ಆಡಲು ಬೇರೆ ಯಾರೂ ಇರಲಿಲ್ಲವಂತೆ. ಮಗನದು ಜರ್ಮನ್. "ನಿನ್ ಹತ್ರ ಮಾತಾಡದಿರೆ ನಂಗ್ ಬಾಯೇ ಕಟ್ಟಿ ಹೋತ್ತ್ ಅಂತ್ಳ್," ಎಂದು ಆಂಟಿ ನಗುತ್ತಾ ಹೇಳುತ್ತಿದ್ದರು.

ಯುರೋಪಿಗೆ ಹೋದರೆ ಗೆಳತಿಯನ್ನು ಕಂಡೇ ಬರುತ್ತೇನೆ ಎಂದು ಅವರು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಆದರೆ ಗೆಳತಿಗೆ ಹೇಳಿರಲಿಲ್ಲ. ಬಾಗಿಲು ತಟ್ಟಿ ಎದುರು ನಿಲ್ಲಬೇಕು ಎಂಬ ಆಸೆ.

ಮಾರ್ಚ್ ತಿಂಗಳಲ್ಲಿ ವೀಸಾ ಕಾಗದ ಕೊಡಲು ಕಛೇರಿಗೆ ಬಂದರು. ರಜೆಯ ಬುಕಿಂಗಿನ ಸಮಯ, ಹಿಂದೆ ಆರೇಳು ಜನ ಕಾಯುತ್ತಿದ್ದರು, ಎರಡು ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಆಂಟಿ ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳಿದರು:

"ನಮ್ಮ ಬಸ್ಸ್ ಹೋಪುದ್ರಗೆ ವಿಯೆನ್ನಾಕ್ಕೆ ಹತ್ರ ಆಪುದ್ ಯಾವ್ದ್?"

"ಜ್ಯೂರಿಕ್ ಇರಬೇಕ್ರಿ."

"ಅಲ್ಲಿಂದ ಎಷ್ಟ್ ದೂರ ಇತ್ತ್?"

ನಾನು ಪರದೆಯ ಮೇಲೆ ಹುಡುಕಿದೆ. ಉತ್ತರ ಕಣ್ಣೆದುರೇ ಬಂತು. ಸುಮಾರು ಆರುನೂರು ಕಿಲೋಮೀಟರು. ನೇರ ವಿಮಾನದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವುದೊಂದು, ಸಂಜೆ ವಾಪಸು ಬರುವುದೊಂದು. ಸ್ವಿಟ್ಜರ್ಲೆಂಡಿನ ಮೂರನೆಯ ದಿನ ಇಡೀ ಗುಂಪು ಹಿಮದ ಶಿಖರಕ್ಕೆ ಹೋಗುವುದಿತ್ತು. ಬಿ.ಪಿ. ಇದ್ದದ್ದರಿಂದ ಅಷ್ಟು ಎತ್ತರ ಬೇಡವೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಆಂಟಿಯ ಫೈಲಿನಲ್ಲಿಯೇ ಇತ್ತು. ಆ ದಿನ ಅವರು ಹೋಟೆಲಿನಲ್ಲಿ ಒಬ್ಬರೇ ಕೂರುವವರು. ಹೋಗಿ ಬರಲು ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ. ಇದೆಲ್ಲ ನನ್ನ ತಲೆಗೆ ಒಂದು ಕ್ಷಣದಲ್ಲಿ ಹೊಳೆಯಿತು.

ಮರುಕ್ಷಣವೇ ಇನ್ನೊಂದು ಕಂಡಿತು. ಎಪ್ಪತ್ತೊಂದು ವರ್ಷದ ಹೆಂಗಸು, ಬರುವುದು ಆಸ್ಪತ್ರೆಗೆ ಬೇಕಾದಷ್ಟೇ ಇಂಗ್ಲಿಷ್, ಗೊತ್ತಿಲ್ಲದ ವಿಮಾನ ನಿಲ್ದಾಣದಲ್ಲಿ ಒಬ್ಬರೇ. ಸಂಜೆಯ ವಿಮಾನ ತಪ್ಪಿದರೆ? ಮರುದಿನ ಬಸ್ಸು ಇಟಲಿಗೆ ಹೊರಡುವಾಗ ಮೂವತ್ತೇಳೇ ಜನ ಇದ್ದರೆ? ಅದು ನನ್ನ ಮೊದಲ ಪ್ರವಾಸ.

"ಭಾಳ ದೂರ ಆಗ್ತದ್ರಿ ಆಂಟಿ," ಎಂದೆ. "ಹತ್ತು-ಹನ್ನೆರಡು ತಾಸು."

ಬಸ್ಸಿನಲ್ಲಿ ಹೋದರೆ ಅಷ್ಟಾಗುತ್ತದೆ, ಸುಳ್ಳೇನಲ್ಲ, ಎಂದು ಆಗಲೇ ಮನಸ್ಸಿಗೆ ಹೇಳಿಕೊಂಡೆ.

"ಹನ್ನೆರಡ್ ಗಂಟಿಯಾ!" ಎಂದರು ಅವರು. "ಅಷ್ಟ್ ಹೊತ್ತಿಗೆ ನಾನ್ ಇಲ್ಲಿಂದ ಊರಿಗೇ ಮುಟ್ವೆ. ಹಾಂಗಾರೆ ಆಪುದಲ್ಲ ಬಿಡ್." ವೀಸಾ ಕಾಗದಗಳನ್ನು ನನ್ನ ಮುಂದೆ ಸರಿಸಿದರು. "ಆಯ್ತ್. ನೀನ್ ಹೇಳ್ದ್ ಮೇಲೆ ಮುಗೀತ್."

ಪರದೆ ನನ್ನ ಕಡೆಗೆ ತಿರುಗಿತ್ತು. ಅವರು ಇಣುಕಿ ನೋಡಲಿಲ್ಲ.

ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಇದನ್ನು ಗಂಡನ ಮುಂದೆ ಹೇಳಿದೆ. ಹೇಳುವಾಗ ಏನೋ ಜಾಣತನ ಮಾಡಿದ ಧ್ವನಿಯಲ್ಲೇ ಹೇಳಿರಬೇಕು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಮಮ್ಮಾ, ಆಂಟೀ ಸೇ ಝೂಟ್ ಬೋಲಾ ತುಮ್ನೇ?"

"ಅದು ಸುಳ್ಳಲ್ಲ. ನಿನಗ ನನ್ನ ಕೆಲಸ ತಿಳಿಯೂದಿಲ್ಲ, ಸುಮ್ನಿರು," ಎಂದೆ.

ಅವತ್ತು ಮೂರು ಮಹಡಿ ಇಳಿದು ಹೋಗಿ, ಆಂಟಿ, ನಾನು ತಪ್ಪು ಹೇಳಿದೆ, ಇನ್ನೊಮ್ಮೆ ನೋಡಿದೆ, ವಿಮಾನ ಇದೆ ಎನ್ನಬಹುದಿತ್ತು. ಇನ್ನೂ ಎರಡು ತಿಂಗಳಿತ್ತು. ಹೋಗಲಿಲ್ಲ.

ಪ್ರವಾಸ ಚೆನ್ನಾಗಿಯೇ ನಡೆಯಿತು. ಪ್ಯಾರಿಸ್ಸಿನಲ್ಲಿ ಒಬ್ಬರ ಚೀಲ ಸಿಗದೆ ಗಲಾಟೆಯಾದದ್ದು ಬಿಟ್ಟರೆ ನನಗೆ ಕಷ್ಟವೇ ಬರಲಿಲ್ಲ. ದಿನಕ್ಕೆ ಹತ್ತು ಸಲ ತಲೆ ಎಣಿಸುತ್ತಿದ್ದೆ. ಆಂಟಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಯಾರಿಗೋ ಹೊಟ್ಟೆ ಕೆಟ್ಟರೆ, ಯಾರದೋ ಕಾಲು ಉಳುಕಿದರೆ ನನಗಿಂತ ಮೊದಲು ಅವರೇ ಎದ್ದು ಹೋಗುತ್ತಿದ್ದರು. ಫ್ರಾನ್ಸ್ ದಾಟಿ ಸ್ವಿಟ್ಜರ್ಲೆಂಡಿಗೆ ಬಸ್ಸು ನುಗ್ಗಿದಾಗ ನಾನು ಮೈಕ್ ಹಿಡಿದು ಹೆಮ್ಮೆಯಿಂದ ಹೇಳಿದೆ: ನೋಡಿ, ಗಡಿಯಲ್ಲಿ ಯಾರೂ ನಿಲ್ಲಿಸಲಿಲ್ಲ, ನಿಮ್ಮ ಒಂದು ವೀಸಾಕ್ಕೆ ಇಲ್ಲಿಯ ಇಪ್ಪತ್ತಕ್ಕೂ ಹೆಚ್ಚು ದೇಶ ತೆರೆದಿವೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಶಿಖರಕ್ಕೆ ಹೋಗುವ ದಿನ ಆಂಟಿಯನ್ನು ಜ್ಯೂರಿಕ್ ಹತ್ತಿರದ ಹೋಟೆಲಿನಲ್ಲಿ ಬಿಟ್ಟು ಹೋದೆವು. ಡಬ್ಬಿಯಲ್ಲಿ ಗುಜರಾತಿ ಥೇಪ್ಲಾ ರೊಟ್ಟಿ, ಉಪ್ಪಿನಕಾಯಿ ಇಟ್ಟುಕೊಟ್ಟೆ. ಮೇಲೆ ಹಿಮದಲ್ಲಿ ಎಲ್ಲರೂ ಮಕ್ಕಳ ಹಾಗೆ ಉರುಳಾಡಿದರು. ನಾನೂ ಮೊದಲ ಸಲ ಹಿಮ ಮುಟ್ಟಿದೆ.

ಸಂಜೆ ಆರರ ಹೊತ್ತಿಗೆ ವಾಪಸು ಬಂದಾಗ ಆಂಟಿ ಲಾಬಿಯ ಸೋಫಾದ ತುದಿಯಲ್ಲಿ ಕುಳಿತಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು, ಮೇಲೆ ಸ್ವೆಟರ್. ಕೈಚೀಲ ತೊಡೆಯ ಮೇಲಿತ್ತು. ಎಲ್ಲರೂ ಕೋಣೆಗಳಿಗೆ ಹೋಗುವ ತನಕ ಕಾದು, ನನ್ನನ್ನು ಕರೆದರು.

"ಅವ್ಳಿಗ್ ಫೋನ್ ಮಾಡ್ದೆ. ಇಲ್ಲೇ ಇದ್ದೆ ಅಂದೆ. ಅವ್ಳ್ ಅತ್ತೇ ಬಿಟ್ಳ್. ವಿಮಾನದಗೆ ಬರೀ ಒಂದ್ ಗಂಟಿ ಚಿಲ್ರೆ ಅಂಬ್ರ್. ಅವ್ಳ ಮಗ ಕೆಲ್ಸಕ್ಕೆ ಬೆಳಗ್ಗೆ ಬಂದ್ ಸಂಜಿಗೆ ಹೋತ್ನಂಬ್ರ್. ಹೌದಾ?"

"ಹೌದೇನ್ರಿ? ನಾನು ಬಸ್ಸಿಂದು ನೋಡಿದ್ದೆ," ಎಂದೆ.

"ನಾಳೆ ಬೆಳಗ್ಗೆ ಹೋಪುಕ್ ಆತ್ತಾ? ಅವ್ನೇ ವಿಮಾನದ್ ಹತ್ರ ಬಂದ್ ಕರ್ಕಂಡ್ ಹೋತ್ನಂಬ್ರ್. ಒಂದ್ ರಾತ್ರಿ ಅವ್ಳ ಹತ್ರ ಇದ್ದ್, ಅಲ್ಲಿಂದ ಸೀದಾ ರೋಮಿಗೆ ಬಂದ್ ನಿಮ್ಮನ್ನ್ ಕೂಡ್ಕಂತೆ. ಅವ್ನೇ ಹತ್ತಿಸ್ತೆ ಅಂದ."

ಅದು ಆಗುವ ಮಾತೇ ಆಗಿತ್ತು. ವಿಯೆನ್ನಾದಿಂದ ರೋಮಿಗೂ ಹೆಚ್ಚೆಂದರೆ ಒಂದೂವರೆ ಗಂಟೆ. ಹತ್ತಿಸಲು ಮಗ, ಇಳಿಸಿಕೊಳ್ಳಲು ನಾನು. ಇವತ್ತಿಗೂ ಆ ಸೋಫಾ, ಆ ಗಾಜಿನ ಬಾಗಿಲು, ಹಿಮದಲ್ಲಿ ನೆನೆದ ನನ್ನ ಬೂಟು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಹೂಂ ಎನ್ನಲು ನನಗೆ ಏನು ಕಷ್ಟವಿತ್ತು? ಮಾಲೀಕರಿಗೆ ಫೋನ್ ಮಾಡಿ ಕೇಳಬೇಕಿತ್ತು. ಕೇಳಿದರೆ, ಮೊದಲೇ ಯಾಕೆ ವ್ಯವಸ್ಥೆ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಆಗ ಮಾರ್ಚ್ ತಿಂಗಳಲ್ಲಿ ನಾನು ಹೇಳಿದ್ದು ಹೊರಬೀಳುತ್ತಿತ್ತು.

"ಇಲ್ರಿ ಆಂಟಿ," ಎಂದೆ. "ಗ್ರೂಪ್ ವೀಸಾ ಅದ. ಒಬ್ರೇ ಬಿಟ್ಟು ಹೋಗಾಕ ಬರೂದಿಲ್ಲ. ಹಿಡಿದ್ರ ದೊಡ್ಡ ತ್ರಾಸ ಆಗ್ತದ."

ಅವರು ನನ್ನ ಮುಖವನ್ನೇ ನೋಡಿದರು. ಎರಡು ದಿನದ ಹಿಂದೆ ಬಸ್ಸಿನಲ್ಲಿ ಮೈಕ್ ಹಿಡಿದು ನಾನು ಹೇಳಿದ್ದನ್ನು ಅವರು ಕೇಳಿರಲಿಲ್ಲವೆ? ನನ್ನ ಹಿಂದಿನ ಸೀಟಿನಲ್ಲಿಯೇ ಇದ್ದರು. ಆದರೆ ಅದು ಆ ಗಳಿಗೆಯಲ್ಲಿ ನನಗೆ ನೆನಪೇ ಆಗಲಿಲ್ಲ.

"ಹಾಂಗಾ," ಎಂದರು. ಆಮೇಲೆ, "ಬರ್ಫ ಚಂದ ಇದ್ದಿತಾ?" ಎಂದು ಕೇಳಿದರು.

ಮರುದಿನ ಏಳು ಗಂಟೆಗೆ ಮೂವತ್ತೆಂಟು ಜನರನ್ನು ಎಣಿಸಿ ಬಸ್ಸು ಹತ್ತಿಸಿದೆ. ಇಟಲಿಯಲ್ಲಿ ಆಂಟಿ ಎಲ್ಲ ಕಡೆ ಬಂದರು, ಎಲ್ಲ ಫೋಟೋದಲ್ಲಿ ನಿಂತರು. ಮುಂಬೈಗೆ ಇಳಿದಾಗ ಮಾಲೀಕರು ಹೂಗುಚ್ಛ ಹಿಡಿದುಕೊಂಡು ಬಂದಿದ್ದರು.

ಮರುವರ್ಷ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಕೆಲಸಕ್ಕೆ ಇಳಿಯುವಾಗ ಆಂಟಿಯ ಬಾಗಿಲು ತೆರೆದಿತ್ತು. ಅವರು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು, ರೇಡಿಯೋ ಇಲ್ಲ, ಕೈಯಲ್ಲಿ ಕೆಲಸವಿಲ್ಲ. ಏನಾಯಿತು ಎಂದು ಕೇಳಿದೆ. "ಅವ್ಳ್ ಹೋಯ್ಬಿಟ್ಳ್. ನಿನ್ನೆ," ಎಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತೆ. ಹೇಳಬೇಕೆಂದು ಬಾಯಿ ತನಕ ಬಂತು. "ನಿಂಗ್ ಲೋಕಲ್ ತಪ್ಪುತ್ತ್, ಹೋಗ್," ಎಂದು ಅವರೇ ಕಳಿಸಿದರು. ನಾನು ಹೋದೆ. ಅವತ್ತು ಮುಂಬ್ರಾ ದಾಟುವಾಗ ಗಾಡಿಯ ಜನಸಂದಣಿಯಲ್ಲಿ ನಿಂತೇ ಅತ್ತೆ. ಪಕ್ಕದ ಹೆಂಗಸು ಯಾರೋ ಏನು ಎತ್ತ ಎಂದು ಕೇಳದೆ ತನ್ನ ನೀರಿನ ಬಾಟಲಿ ಕೊಟ್ಟಳು.

ಆ ವರ್ಷದ ಮೇ ಪ್ರವಾಸಕ್ಕೆ ಮಾಲೀಕರು ವಿಯೆನ್ನಾವನ್ನೂ ಸೇರಿಸಿದರು. ಗುಂಪಿನೊಂದಿಗೆ ಜ್ಯೂರಿಕ್ಕಿನಿಂದ ವಿಮಾನದಲ್ಲಿ ಹೋಗಬೇಕಾಯಿತು. ಬೆಲ್ಟಿನ ದೀಪ ಆರಿತು, ಒಂದು ಸಣ್ಣ ಚಾಕಲೇಟು ಕೊಟ್ಟರು, ನೀರು ಕೊಟ್ಟರು, ಕೆಳಗೆ ಬಿಳಿ ಗುಡ್ಡಗಳು ಸ್ವಲ್ಪ ಹೊತ್ತು ಕಂಡವು. ಲೋಟ ವಾಪಸು ತೆಗೆದುಕೊಳ್ಳುವಷ್ಟರಲ್ಲಿ ಇಳಿಯುವ ಸೂಚನೆ ಬಂತು. ಗಡಿಯಾರ ನೋಡಿದೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ಅಷ್ಟು ಹೊತ್ತಿನಲ್ಲಿ ಮುಂಬೈಯ ಸಿಎಸ್‌ಟಿ ನಿಲ್ದಾಣ ಮುಟ್ಟುವುದಿಲ್ಲ. ಪಕ್ಕದ ಯಾತ್ರಿ, "ಇಷ್ಟೇನಾ?" ಎಂದು ಮರಾಠಿಯಲ್ಲಿ ಕೇಳಿ ನಕ್ಕರು.

ವಿಯೆನ್ನಾದಲ್ಲಿ ಎರಡು ದಿನ ಇದ್ದೆವು. ಗೆಳತಿಯ ಮನೆ ಯಾವ ಕಡೆ, ಎಲ್ಲಿ ಹೂಳಿದರೋ ಸುಟ್ಟರೋ ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರಬಹುದಿತ್ತು. ಕೇಳುವ ಮುಖ ಇರಲಿಲ್ಲ.

ವಾಪಸು ಬಂದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಆಂಟಿಯ ಮನೆಗೆ ಹೋದೆ. ಅವರು ಚಾ ಇಟ್ಟಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಾರ್ಚ್ ತಿಂಗಳಲ್ಲಿ ಪರದೆಯ ಮೇಲೆ ನನಗೆ ಕಂಡದ್ದು, ಹೇಳಿದ್ದು, ಲಾಬಿಯಲ್ಲಿ ಹೇಳಿದ್ದು, ಯಾಕೆ ಹೇಳಿದೆ ಎಂಬುದು. ಅವರು ಚಾ ಉಕ್ಕುವ ಮೊದಲು ಒಲೆ ಆರಿಸಿದರು.

"ನಂಗ್ ಗೊತ್ತಿದ್ದಿತ್," ಎಂದರು.

"ಯಾವಾಗಿಂದ್ರಿ?"

"ಅವತ್ತೇ. ವೀಸಾ ಅಂದ್ಯಲ್ಲ, ಆವಾಗ್ಳೇ. ಅವ್ಳ ಮಗನೂ ಹೇಳಿದ, ಹಾಂಗೆಲ್ಲ ಎಂತದೂ ಇಲ್ಲೆ ಅಂದ್."

"ಮತ್ತ ನೀವು ಯಾಕ ಬೈಲಿಲ್ಲ? ಜಗಳ ಮಾಡಿದ್ರ ನಾನು ಕಳಸ್ತಿದ್ದೆ ಆಂಟಿ."

"ಅಷ್ಟ್ ಜನರ ಎದ್ರ್ ನಿನ್ನ ಮರ್ಯಾದಿ ತೆಗೂದಾ? ನಿನ್ನ ಅಬ್ಬಿ ಕಣ್ ಮುಚ್ಚುಕ್ ಮುಂಚೆ ನಿನ್ನ ಕೈ ನನ್ನ ಕೈಯಂಗೆ ಕೊಟ್ ಹೋದ್ದ್." ಅಬ್ಬಿ ಎಂದರೆ ಅವರ ಕಡೆ ಅವ್ವ.

ಅವರು ಒಳಗೆ ಹೋಗಿ ಒಂದು ಕಾಗದ ತಂದರು. ಗೆಳತಿಯ ಮಗ ಇಂಗ್ಲಿಷಿನಲ್ಲಿ ಬರೆದದ್ದು. ಓದು ಎಂದರು. ಆ ದಿನ ಫೋನ್ ಬಂದ ಮೇಲೆ ಅಮ್ಮ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಲು ಹೇಳಿದರಂತೆ. ಎಷ್ಟೋ ವರ್ಷ ಉಡದೆ ಇದ್ದ ಸೀರೆ ತೆಗೆದು, ನಿಲ್ಲಲು ಆಗದ್ದರಿಂದ ಹಾಸಿಗೆಯಲ್ಲಿ ಕುಳಿತೇ ಮಗನ ಹೆಂಡತಿಯ ಕೈಯಲ್ಲಿ ಉಡಿಸಿಕೊಂಡರಂತೆ. ಬರಲಾಗುವುದಿಲ್ಲ ಎಂದು ಸಂಜೆ ತಿಳಿದ ಮೇಲೂ, ನಾಳೆ ಬೆಳಿಗ್ಗೆಯೂ ಒಂದು ವಿಮಾನ ಇದೆಯಲ್ಲ, ಇರಲಿ ಎಂದು ಸೀರೆ ಬಿಚ್ಚಲಿಲ್ಲವಂತೆ. ಮರುದಿನ ಮಧ್ಯಾಹ್ನದ ತನಕ ಹಾಗೆಯೇ ಇದ್ದರಂತೆ. ನಿಮ್ಮಿಬ್ಬರ ಭಾಷೆ ಕಲಿಯದೆ ಹೋದೆ ಎಂದು ನನಗೆ ಈಗ ಬೇಸರವಾಗುತ್ತದೆ, ಕೊನೆಯ ದಿನಗಳಲ್ಲಿ ಅಮ್ಮ ಆ ಭಾಷೆಯಲ್ಲಿಯೇ ಏನೋ ಹೇಳುತ್ತಿದ್ದಳು ಎಂದು ಮಗ ಬರೆದಿದ್ದ.

ಕಾಗದ ಮಡಚಿ ಕೊಟ್ಟೆ. "ನನ್ನ ಕ್ಷಮಿಸ್ರಿ ಆಂಟಿ," ಎಂದೆ.

ಕುಂದಾಪುರದವರು ಸಣ್ಣ ತಪ್ಪು ದೊಡ್ಡ ತಪ್ಪು ಯಾವುದಕ್ಕೂ ಒಂದು ಮಾತು ಹೇಳುತ್ತಾರೆ, ಅಡ್ಡಿಲ್ಲೆ ಎಂದು. ಹಾಲು ಚೆಲ್ಲಿದರೂ ಅಡ್ಡಿಲ್ಲೆ, ತಡವಾಗಿ ಬಂದರೂ ಅಡ್ಡಿಲ್ಲೆ. ಅದೇ ಮಾತಿಗಾಗಿ ನಾನು ಕಾಯುತ್ತಿದ್ದೆ ಎಂದು ಅವರಿಗೂ ತಿಳಿದಿರಬೇಕು.

"ಅಡ್ಡಿಲ್ಲೆ ಅಂದ್ ಹೇಳುಕ್ ನಂಗ್ ಆತಿಲ್ಲೆ ಹೆಣ್ಣೇ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಹೇಳ್ರೆ ಅದೂ ಸುಳ್ಳೇ ಆತ್ತ್. ಚಾ ಕುಡಿ, ತಣೀತ್."

ಚಾ ಕುಡಿದೆ. ಮತ್ತೆ ಆ ವಿಷಯ ನಮ್ಮಿಬ್ಬರ ನಡುವೆ ಬಂದಿಲ್ಲ. ಗೌರಿ ಹಬ್ಬಕ್ಕೆ ಅವರ ಮನೆಯಿಂದ ಕಡುಬು ಬರುತ್ತದೆ, ನಮ್ಮ ಮನೆಯಿಂದ ಹೋಳಿಗೆ ಹೋಗುತ್ತದೆ. ಮಗಳಿಗೆ ಜ್ವರ ಬಂದರೆ ಈಗಲೂ ಮೇಲೆ ಬಂದು ನಾಡಿ ಹಿಡಿಯುತ್ತಾರೆ, ಮೆಟ್ಟಿಲಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು. ನಾನು ಗುಂಪು ಕರೆದೊಯ್ಯುವುದನ್ನು ಬಿಟ್ಟು ಮತ್ತೆ ಟಿಕೆಟ್ ಮೇಜಿಗೆ ಬಂದಿದ್ದೇನೆ. ಮಾಲೀಕರು ಕಾರಣ ಕೇಳಿದರು, ಮನೆಯ ತೊಂದರೆ ಎಂದೆ.

ಕಳೆದ ತಿಂಗಳು ಬೆಳಿಗ್ಗೆ ಇಳಿದು ಬರುವಾಗ ಆಂಟಿಯ ಬಾಗಿಲಲ್ಲಿ ದೊಡ್ಡ ಚೀಲ, ನೀರಿನ ಬಾಟಲಿ ಇದ್ದವು. ಊರಿಗೆ ಹೊರಟಿದ್ದರು, ಪನವೇಲಿನಿಂದ ರೈಲು. ಹಿಂದೆಲ್ಲ ಅವರ ಊರಿನ ಟಿಕೆಟ್ ತೆಗೆದುಕೊಡುತ್ತಿದ್ದವಳು ನಾನು. ಕೆಳಗಿನ ಬರ್ತು, ಬಾಗಿಲಿಗೆ ಹತ್ತಿರದ್ದು, ಎಲ್ಲ ನೋಡಿ ತೆಗೆಯುತ್ತಿದ್ದೆ.

"ಟಿಕೆಟ್ ಯಾರ ತೆಗೆದ್ರು ಆಂಟಿ?"

"ಎರಡನೇ ಮಾಳಿಗಿ ಮಾಸ್ತರ್ರ ಹತ್ರ ಹೇಳ್ದೆ. ಮೊಬೈಲಂಗೇ ತೆಗೆದ್ರ್," ಎಂದರು, ಬೀಗದ ಕೈ ಹುಡುಕುತ್ತಾ.

"ಪನವೇಲ್ ತನಕಾ ನಾ ಬರ್ಲೇನ್ರಿ? ಇವತ್ತು ರಜಾ ಹಾಕ್ತೀನಿ."

"ಬೇಡ, ಗಾಡಿ ಹೇಳಿದ್ದೆ. ನೀನ್ ಕೆಲ್ಸಕ್ ಹೋಗ್."

ಚೀಲವನ್ನು ಗೇಟಿನ ತನಕ ನಾನೇ ಎತ್ತಿಕೊಂಡು ಹೋದೆ. ಅವರು ಬೇಡ ಎನ್ನಲಿಲ್ಲ. ಗಾಡಿಯಲ್ಲಿ ಕುಳಿತು ಸೆರಗು ಒಳಗೆಳೆದುಕೊಂಡು, "ಬತ್ತೆ," ಎಂದರು. ಗಾಡಿ ರಸ್ತೆ ತಿರುಗುವ ತನಕ ನೋಡಿ, ನಾನು ಸ್ಟೇಷನ್ನಿನ ಕಡೆ ನಡೆದೆ.